ಗಾಡಿ ಯಾರು ಓಡಿಸಬೇಕು

1938ರ ನವೆಂಬರ್ ತಿಂಗಳಲ್ಲಿ ನನ್ನ ಭಾವ ಒಂದು ಹಳೆಯ ಬಸ್ಸನ್ನು ಕೊಂಡುಕೊಂಡರು. ಅದು ಕೋಲಾರಕ್ಕೂ ಶ್ರೀನಿವಾಸಪುರಕ್ಕೂ ಮಧ್ಯೆ ಓಡಾಡಿ, ಮಾಲೀಕನ ವ್ಯಾಪಾರ ನಿಂತ ಮೇಲೆ ಮೂಲೆಗೆ ಬಿದ್ದಿದ್ದ ಬಸ್ಸು. ಅದರೊಳಗೇ ಮನೆ ಮಾಡಿಕೊಂಡು, ಸಂಕ್ರಾಂತಿ ಕಳೆದ ಮೇಲೆ ಅಕ್ಕನನ್ನು ಕಾಶಿಗೆ ಕರೆದುಕೊಂಡು ಹೋಗುವುದು ಅವರ ಯೋಜನೆ. ಆ ಹೊತ್ತಿಗೆ ಅವರ ಬಲಗಣ್ಣು ಹೋಗಿತ್ತು. ಎಡಗಣ್ಣಿಗೆ ಬೆಂಗಳೂರಿನ ಡಾಕ್ಟರೊಬ್ಬರು ಒಂದು ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷದ ಅವಧಿ ಹೇಳಿದ್ದರು. ಪೊರೆಯಾಗಿದ್ದರೆ ತೆಗೆಸಬಹುದಿತ್ತು. ಇದು ಪೊರೆಯಲ್ಲ, ಕಣ್ಣಿನ ಒಳಗೆ ಒತ್ತಡ ಹೆಚ್ಚಿ ನರ ಸಾಯುವ ರೋಗ. ನೋಟ ಸುತ್ತಲಿಂದ ಮುಚ್ಚಿಕೊಳ್ಳುತ್ತಾ ಬರುತ್ತದೆ. ನೇರ ಎದುರಿಗಿದ್ದದ್ದು ಮಾತ್ರ, ಊದುಗೊಳವೆಯೊಳಗಿಂದ ನೋಡಿದ ಹಾಗೆ, ಕೊನೆಯವರೆಗೂ ಕಾಣುತ್ತಿರುತ್ತದೆ. ಭಾವ ಇದನ್ನು ಯಾರಿಗೂ ಹೇಳಿರಲಿಲ್ಲ. ನಮಗೆ ತಿಳಿದದ್ದು ಎರಡು ತಿಂಗಳ ಮೇಲೆ. ಕಣ್ಣು ಮುಚ್ಚುವ ಮೊದಲು ಅವರಿಗೆ ಒಮ್ಮೆ ಹೊರಟು ನೋಡಬೇಕಾಗಿತ್ತು. ಕಾಶಿಯ ಹೆಸರು ಮುಂದಿಟ್ಟದ್ದು ಅಕ್ಕನಿಗಾಗಿ.

ಭಾವ ಮರಾಮತ್ತು ಇಲಾಖೆಯಲ್ಲಿ ರಸ್ತೆ ಓವರ್ಸಿಯರ್ ಆಗಿದ್ದವರು. ಮೂವತ್ತು ವರ್ಷ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ರಸ್ತೆಗಳೇ ಅವರ ಕಚೇರಿ. ತಿಂಗಳಲ್ಲಿ ಇಪ್ಪತ್ತು ದಿನ ಡೇರೆಯಲ್ಲಿ ಮಲಗುತ್ತಿದ್ದರು. ಜಲ್ಲಿ ಅಳೆಸುವುದು, ಮೋರಿ ಕಟ್ಟಿಸುವುದು, ಮೈಲಿಗಲ್ಲು ನೆಡಿಸುವುದು ಅವರ ಕೆಲಸ. ಕಲ್ಲಿನ ಮೇಲಿನ ಅಂಕಿ ಚೆನ್ನಾಗಿರಬೇಕೆಂದು ಶಿವಾರಪಟ್ಟಣದ ಶಿಲ್ಪಿಗಳಿಂದಲೇ ಕೆತ್ತಿಸಿದ್ದರು. ದೇವರ ವಿಗ್ರಹ ಮಾಡುವವರ ಹತ್ತಿರ ಅಂಕಿ ಕೆತ್ತಿಸುತ್ತಾರೆಂದು ಇಲಾಖೆಯಲ್ಲಿ ಅವರನ್ನು ತಮಾಷೆ ಮಾಡುತ್ತಿದ್ದರಂತೆ.

ಆ ಮೂವತ್ತು ವರ್ಷವೂ ಅಕ್ಕ ಕೋಲಾರದ ಕೋಟೆಯ ಬಳಿಯ ಮನೆಯಲ್ಲಿ ಅತ್ತೆಯ ಜೊತೆ ಇದ್ದಳು. ಒಬ್ಬಳೇ ಮಗಳನ್ನು ಶ್ರೀನಿವಾಸಪುರಕ್ಕೆ ಕೊಟ್ಟಿದ್ದಳು. ಅದಕ್ಕಿಂತ ದೂರ ಹೋದವಳಲ್ಲ. ಅತ್ತೆ 1937ರಲ್ಲಿ ತೀರಿಕೊಂಡರು. ಮರುವರ್ಷ ಭಾವ ನಿವೃತ್ತರಾದರು. ಅಭಿನಂದನೆ ಹೇಳಲು ಬಂದವರಿಗೆ ಅಕ್ಕ, "ನನಗೆ ಅವರಿಗಿಂತ ಒಂದು ವರ್ಷ ಮುಂಚೇನೇ ಪಿಂಚಣಿ ಆಯ್ತು" ಎಂದಿದ್ದಳು.

ನಾನು ಅವಳ ತಮ್ಮ. ಎರಡು ಮನೆ ಆಚೆಗೆ ಇದ್ದೆ. ಬೆಂಗಳೂರಿನ ಪತ್ರಿಕೆಯೊಂದಕ್ಕೆ ಜಿಲ್ಲೆಯ ಸುದ್ದಿ ಕಳಿಸುತ್ತಿದ್ದೆ. ಮುಂದೆ ಬರೆದಿರುವುದರಲ್ಲಿ ಹೆಚ್ಚಿನದು ನಾನು ನೋಡಿದ್ದು. ನೋಡದೇ ಇದ್ದದ್ದನ್ನು ಯಾರು ಹೇಳಿದರು ಎಂಬುದನ್ನು ಅಲ್ಲಲ್ಲೇ ಹೇಳುತ್ತೇನೆ.

ಕಾಶಿಗೆ ರೈಲಿದೆ. ಎಲ್ಲರೂ ಅದನ್ನೇ ಹೇಳಿದರು. ಭಾವನ ಉತ್ತರ ಸಿದ್ಧವಾಗಿತ್ತು. ಅಕ್ಕ ಮದುವೆಯಾದಂದಿನಿಂದ ಮಡಿಯಲ್ಲಿ ತಾನು ಮಾಡಿದ ಅಡಿಗೆ ಬಿಟ್ಟು ಬೇರೆ ಉಂಡವಳಲ್ಲ. ತಾನೇ ಸೇದಿದ ನೀರು, ತಾನೇ ಒಗೆದು ಕೋಲಿನಲ್ಲಿ ಎತ್ತಿ ಹರವಿದ ಸೀರೆ, ಯಾರೂ ಮುಟ್ಟದ ಒಲೆ. ರೈಲಿನಲ್ಲಿ ನಾಲ್ಕು ದಿನ, ಛತ್ರಗಳಲ್ಲಿ ಹದಿನೈದು ದಿನ ಎಂದರೆ ಬರೀ ಹಣ್ಣು ಹಾಲಿನಲ್ಲಿ ಇರಬೇಕು. ಅತ್ತೆಯ ತಂಗಿ ಹಾಗೆ ಹೋಗಿ ಕಾಯಿಲೆ ಬಿದ್ದು ಬಂದಿದ್ದರು. ಆದ್ದರಿಂದ ಅಡಿಗೆಮನೆಯೇ ಕಾಶಿಗೆ ಹೋಗಲಿ ಎಂದರು ಭಾವ.

ಡಿಸೆಂಬರ್ ಪೂರ್ತಿ ಬಸ್ಸು ಅವರ ಮನೆಯ ಹಿತ್ತಲಲ್ಲಿ ನಿಂತಿತ್ತು. ಆಚಾರಿಯೊಬ್ಬ ಸೀಟುಗಳನ್ನು ಕಿತ್ತು ಎರಡು ಮಂಚದ ಹಲಗೆ ಹೊಡೆದ. ಹಿಂದುಗಡೆ ಪರದೆ ಹಾಕಿ ಬಚ್ಚಲು. ಮಡಿಸೀರೆ ಒಣಗಲು ಚಾವಣಿಯ ಉದ್ದಕ್ಕೂ ಬಿದಿರುಗಣೆ. ಅಡಿಗೆಗೆ ಎಲ್ಲಿ ಜಾಗ ಎನ್ನುವುದೇ ದೊಡ್ಡ ಚರ್ಚೆಯಾಯಿತು. ಆಚಾರಿ ಹಿಂದೆ ಇರಲಿ ಎಂದ. ಹಿಂದೆ ಧೂಳು ತುಂಬುತ್ತದೆ, ಮುಂದೆ ಬೇಕು ಎಂದಳು ಅಕ್ಕ. ಕೊನೆಗೆ ಡ್ರೈವರ್ ಸೀಟಿನ ಬೆನ್ನಿಗೆ ಅಂಟಿಕೊಂಡಂತೆಯೇ ಕಟ್ಟೆ ಎದ್ದಿತು. ಅದರ ಮೇಲೆ ಇದ್ದಿಲ ಒಲೆ, ಪಕ್ಕದಲ್ಲಿ ನೀರಿನ ಹಂಡೆ ಅಲುಗಾಡದಂತೆ ಮರದ ಚೌಕಟ್ಟು, ಮೇಲೆ ದೇವರ ಗೂಡು.

"ಅಮ್ಮಾ, ಗಾಡಿ ಕುಲುಕಿದ್ರೆ ಸಾರು ಸೀದಾ ಯಜಮಾನ್ರ ಕುತ್ತಿಗೆ ಮ್ಯಾಲೆ" ಎಂದ ಆಚಾರಿ.

"ಮೂವತ್ತು ವರ್ಷ ಬಿಸಿಸಾರು ತಪ್ಪಿಸ್ಕೊಂಡು ಓಡಾಡಿದಾರೆ, ಈಗ ಬೀಳಲಿ ಬಿಡು" ಎಂದಳು ಅಕ್ಕ.

ಹಸು ಮಗಳ ಮನೆಗೆ ಹೋಗುವುದೆಂದಾಯಿತು. ಅತ್ತೆಯ ಕಾಲದಿಂದ ಆರದೆ ಉರಿಯುತ್ತಿದ್ದ ದೇವರ ಮನೆಯ ದೀಪಕ್ಕೆ ನನ್ನ ಹೆಂಡತಿ ಎಣ್ಣೆ ಹಾಕಬೇಕು. ತುಳಸಿಗೂ ಅವಳೇ ನೀರು ಹಾಕಬೇಕು. ಹುರಿಹಿಟ್ಟು, ಹಪ್ಪಳ, ಹುಳಿಪುಡಿ ಮೂರು ತಿಂಗಳಿಗೆ ಆಗುವಷ್ಟು. ಉಪ್ಪಿನಕಾಯಿ ಭರಣಿ ಒಡೆದರೆ ಹಾಸಿಗೆಗೆಲ್ಲ ಎಣ್ಣೆ ಎಂದು ಒಣ ಉಪ್ಪಿನಕಾಯಿ. ಭಾವ ರಸ್ತೆಯ ಪಟ್ಟಿಯನ್ನು ಬಾಯಲ್ಲೇ ಹೇಳುತ್ತಿದ್ದರು: ಮುಳಬಾಗಿಲು, ಮದನಪಲ್ಲಿ, ಕಡಪ, ಕರ್ನೂಲು, ಹೈದರಾಬಾದು, ನಾಗಪುರ. ನಾನು ಬರೆದುಕೊಂಡೆ. ಬರೆಯುವ ಕೆಲಸವನ್ನೆಲ್ಲ ಅವರು ನನಗೇ ಕೊಡುತ್ತಿದ್ದರು. ಪತ್ರಿಕೆ ಬಂದರೆ, "ನೀನು ಬರೆದದ್ದನ್ನ ನೀನೇ ಓದಯ್ಯ, ಕೇಳೋಣ" ಎನ್ನುತ್ತಿದ್ದರು. ನನಗೆ ಅದು ಮರ್ಯಾದೆ ಎನಿಸುತ್ತಿತ್ತು. ಬೇರೆ ಕಾರಣ ಇರಬಹುದೆಂದು ನಾನು ಕೇಳಿಕೊಳ್ಳಲಿಲ್ಲ.

ಬಸ್ಸಿನ ಜೊತೆಗೆ ಅದರ ಹಳೆಯ ಡ್ರೈವರೂ ಬಂದಿದ್ದರು. ನಲವತ್ತೈದರ ಆಸುಪಾಸಿನ ಸಾಬರು. ಎಂಟು ವರ್ಷ ಆ ಬಸ್ಸನ್ನು ಓಡಿಸಿದವರು. ಮಾಲೀಕ ಕೈ ಎತ್ತಿದ ಮೇಲೆ ಕೆಲಸವಿರಲಿಲ್ಲ. ಎಂಜಿನ್ ಬಿಚ್ಚಿ ಸರಿ ಮಾಡಿಕೊಟ್ಟರು. ಕೆಲಸ ಮುಗಿದ ದಿನ ಹಿತ್ತಲಲ್ಲಿ ಕೈ ಒರೆಸಿಕೊಳ್ಳುತ್ತಾ ಭಾವನಿಗೆ ಹೇಳಿದರು:

"ಗಾಡಿ ನಂದಲ್ಲ ಸಾಮಿ. ಆದ್ರೆ ಅದು ಯಾವಾಗ ಕೆಮ್ಮುತ್ತೆ, ಯಾವಾಗ ಮುನಿಸ್ಕೊಳ್ಳುತ್ತೆ, ನಂಗೇ ಗೊತ್ತು. ನಾನೂ ಬರ್ತೀನಿ. ಕಾಶಿ ಎಷ್ಟು ದೂರ ಆದ್ರೂ ಪರ್ವಾ ಇಲ್ಲ."

ಭಾವ ಬಾಗಿಲ ಕಡೆ ತಿರುಗಿದರು. ಬಾಗಿಲ ಹಿಂದೆ ಅಕ್ಕ ಇದ್ದಳು.

"ಅವರಿಗೆ ಹೇಳಿ" ಎಂದಳು ಅಕ್ಕ, ಸಾಬರಿಗೆ ಕೇಳಿಸುವಂತೆ. "ಅದು ಈಗ ಗಾಡಿ ಅಲ್ಲ, ಅಡಿಗೆಮನೆ. ಅಡಿಗೆಮನೇಲಿ ಇನ್ನೊಬ್ರು ಕೂತ್ಕೊಂಡು ಬಂದ್ರೆ ನಾನು ಮೂರು ತಿಂಗಳು ಉಪವಾಸ ಇರ್ಬೇಕಾಗುತ್ತೆ."

ಸಾಬರು ನಕ್ಕರು. "ಸರಿ ಬಿಡಿ ಅಮ್ಮಾ. ನನ್ನ ಹತ್ರ ಬಸ್ಸಿನ ಲೈಸೆನ್ಸಿದೆ, ಅಡಿಗೆಮನೇದು ಇಲ್ಲ."

"ನಾನೇ ಓಡಿಸ್ತೀನಿ" ಎಂದರು ಭಾವ. ಇಲಾಖೆಯ ಲಾರಿ, ರಸ್ತೆ ರೋಲರು ಎರಡನ್ನೂ ಓಡಿಸಿದವರು ಅವರು. ಯಾರಿಗೂ ಅನುಮಾನ ಬರಲಿಲ್ಲ. ಹೊರಡುವವರೆಗೆ ಎಂಜಿನ್ನಿನ ಸದ್ದು ಕೇಳಿ ಹೇಳಲು ಸಾಬರು ಬರಬೇಕು ಎಂದು ಮಾತಾಯಿತು. ಬಸ್ಸು ಮೊದಲ ಸಲ ರಸ್ತೆಗೆ ಇಳಿದ ದಿನದಿಂದ ಸಾಬರು ಮಾತು ಕಡಿಮೆ ಮಾಡಿದರು. ಕೆಲಸ ಸಿಗದ ಬೇಸರ ಎಂದು ಅಕ್ಕ ಹೇಳಿದಳು. ನಾನೂ ಹಾಗೇ ತಿಳಿದೆ.

ಜನವರಿ ಮೊದಲ ವಾರ ಪರೀಕ್ಷೆಗಾಗಿ ಮೂರು ಸಲ ಹೊರಟೆವು. ಮೊದಲನೆಯದು ಮುಳಬಾಗಿಲಿಗೆ. ಅಕ್ಕ ಮಂಚದ ಹಲಗೆಯ ಮೇಲೆ, ನಾನು ಮುಂದಿನ ಮೆಟ್ಟಿಲ ಹತ್ತಿರ, ಸಾಬರು ಹಿಂದಿನ ಬಾಗಿಲ ಹಲಗೆಯ ಮೇಲೆ ಕಾಲು ಹೊರಗೆ ಇಳಿಬಿಟ್ಟು. ಭಾವ ಗಂಟೆಗೆ ಹತ್ತು ಹನ್ನೆರಡು ಮೈಲಿಯ ವೇಗದಲ್ಲಿ ಹೋಗುತ್ತಿದ್ದರು. ದಾರಿಯುದ್ದಕ್ಕೂ ಮೈಲಿಗಲ್ಲು ಬರುವುದಕ್ಕೆ ಸ್ವಲ್ಪ ಮುಂಚೆಯೇ ಅಂಕಿ ಕೂಗುತ್ತಿದ್ದರು. "ಇಗೋ, ಐದು. ಇದರ ಹಿಂದೆ ಮೋರಿ. ಇಗೋ, ಆರು." ಒಂದೂ ತಪ್ಪಲಿಲ್ಲ. ಎರಡನೆಯದು ಮಾಲೂರಿನ ಮೇಲೆ ಟೇಕಲ್ಲಿಗೆ. ಬೆಟ್ಟದ ಬುಡದಲ್ಲಿ ನಿಲ್ಲಿಸಿ ಅಕ್ಕ ಬಸ್ಸಿನೊಳಗೇ ಮೊದಲ ಬಾರಿ ಅನ್ನ ಮಾಡಿದಳು. ಒಲೆ ಚೆನ್ನಾಗಿ ಹತ್ತಿತು. ಅವಳು ಅಷ್ಟು ಸಂತೋಷವಾಗಿದ್ದನ್ನು ನಾನು ಅವಳ ಮದುವೆಯ ಮೇಲೆ ನೋಡಿರಲಿಲ್ಲ. ಎಂಟು ದಿನದಲ್ಲಿ ಹೊರಡುವುದೆಂದು ಅಲ್ಲೇ ತೀರ್ಮಾನವಾಯಿತು.

ಮೂರನೆಯದು ಶ್ರೀನಿವಾಸಪುರಕ್ಕೆ. ಹಿತ್ತಾಳೆಯ ದೊಡ್ಡ ಪಾತ್ರೆಗಳನ್ನು ಮಗಳ ಮನೆಯಲ್ಲಿಟ್ಟು ಬರುವುದಿತ್ತು. ಭಾವ ಎಂದಿನಂತೆ ಅಂಕಿ ಹೇಳುತ್ತಾ ಬಂದರು. ಎಂಟು ಆಯಿತು. ಆಮೇಲೆ, "ಇಗೋ, ಒಂಬತ್ತು. ಈ ಕಲ್ಲು ನೆಡೋವಾಗ ಕೆಳಗೆ ಬಂಡೆ ಸಿಕ್ಕಿ ಎರಡು ದಿನ ಹಿಡೀತು" ಎಂದರು.

ಅಲ್ಲಿ ಕಲ್ಲು ಇರಲಿಲ್ಲ. ರಸ್ತೆ ಅಗಲ ಮಾಡಲು ಅಗೆದಿದ್ದರು. ಬೇವಿನ ಮರದ ಪಕ್ಕ ಜಲ್ಲಿಯ ರಾಶಿ ಇತ್ತು. ಕಲ್ಲನ್ನು ಕಿತ್ತು ಆಚೆಯ ಹಳ್ಳಕ್ಕೆ ಮುಖ ಕೆಳಗಾಗಿ ಉರುಳಿಸಿದ್ದರು.

"ಎಲ್ಲಿ?" ಎಂದಳು ಅಕ್ಕ.

"ಅಲ್ಲೇ ಬಂತಲ್ಲೇ, ಬೇವಿನ ಮರದ ಪಕ್ಕ. ನೋಡ್ಲಿಲ್ವಾ ನೀನು?"

ಅಕ್ಕ ಕಿಟಕಿಯಿಂದ ಹಿಂದಕ್ಕೆ ನೋಡಿದಳು. ನನ್ನ ಮುಖ ನೋಡಿದಳು. "ಹೌದು, ಬಂತು" ಎಂದಳು.

ಮಗಳ ಮನೆ ತಲುಪುವವರೆಗೂ ಭಾವ ಇನ್ನೂ ಆರು ಕಲ್ಲು ಹೇಳಿದರು. ಆರೂ ಇದ್ದವು. ಅಕ್ಕ ಪ್ರತಿ ಸಲವೂ ಕಿಟಕಿಗೆ ಬಾಗಿ ನೋಡುತ್ತಿದ್ದಳು.

ಅಲ್ಲಿ ಭಾವ ಒಳಗೆ ಮಲಗಿದ್ದಾಗ ಅಕ್ಕ ಹಿತ್ತಲಿಗೆ ಬಂದಳು. ಸಾಬರು ನೀರು ತುಂಬುತ್ತಿದ್ದರು. ಅಲ್ಲಿಯವರೆಗೆ ಅವಳು ಅವರ ಜೊತೆ ನೇರವಾಗಿ ಮಾತಾಡಿರಲಿಲ್ಲ. ನಾನು ಪಕ್ಕದಲ್ಲಿದ್ದೆ.

"ಯಜಮಾನ್ರಿಗೆ ಕಣ್ಣು ಕಾಣ್ತಿಲ್ಲ, ಅಲ್ವಾ?" ಎಂದಳು.

ಸಾಬರು ಡಬ್ಬ ಕೆಳಗಿಟ್ಟರು. "ಎದುರಿಗೆ ಕಾಣುತ್ತಮ್ಮಾ. ಪಕ್ಕಕ್ಕೆ ಕಾಣಲ್ಲ. ಚಕ್ರ ಜಲ್ಲಿ ಮ್ಯಾಲೆ ಹತ್ತಿದ ಸದ್ದು ಕೇಳಿ ಒಳಕ್ಕೆ ತಿರುಗಿಸ್ಕೋತಾರೆ. ಮುಳಬಾಗಿಲಿಗೆ ಹೋದ ದಿನಾನೇ ಗೊತ್ತಾಯ್ತು."

"ಹೇಳ್ಬಾರ್ದಿತ್ತಾ?"

"ನಾನು ಕೆಲ್ಸ ಕೇಳ್ದೋನು. ನೀವು ಬ್ಯಾಡ ಅಂದ್ರಿ. ಆಮೇಲೆ ಬಂದು ಸಾಮಿಗೆ ಕಣ್ಣು ಕಾಣಲ್ಲ ಅಂದ್ರೆ ಯಾರು ನಂಬ್ತಾರೆ? ಆ ಸೀಟಿಗೋಸ್ಕರ ಹೇಳ್ದ ಅಂತೀರಿ. ಅದಕ್ಕೇ ಹಿಂದೆ ಕೂತ್ಕೊಂಡು ಬರ್ತಾ ಇದ್ದೆ. ಏನಾದ್ರೂ ಆದ್ರೆ ಹಾರಿ ಬಂದು ಬ್ರೇಕ್ ಹಿಡಿಯೋಣ ಅಂತ."

"ಹೌದು. ಹಾಗೇ ಅಂತಿದ್ದೆ" ಎಂದಳು ಅಕ್ಕ.

ಹೊರಡುವಾಗ ಸಾಬರು, "ಕ್ಲಚ್ಚು ಯಾಕೋ ಹಿಡೀತಿದೆ ಸಾಮಿ, ವಾಪಸ್ ನಾನು ನೋಡ್ತೀನಿ" ಎಂದು ಡ್ರೈವರ್ ಸೀಟಿನಲ್ಲಿ ಕೂತರು. ಭಾವ ಬೇಡವೆನ್ನಲಿಲ್ಲ. ದಾರಿಯಲ್ಲಿ ಅಂಕಿ ಹೇಳಲಿಲ್ಲ.

ಮಾರನೆಯ ದಿನ ಊಟಕ್ಕೆ ನನ್ನನ್ನೂ ಕರೆದಳು. ಅಕ್ಕ ಬಡಿಸಿ ಮುಗಿಸಿ, ನೀರಿನ ಚೊಂಬು ಹಿಡಿದು ಎದುರಿಗೆ ನಿಂತು, "ಎಲೇಲಿ ಏನೇನಿದೆ ಹೇಳಿ ನೋಡೋಣ" ಎಂದಳು. ಸುಮಾರು ಒಂದು ವರ್ಷದಿಂದ ಭಾವ ಎಲೆಯ ತುದಿಗೆ ಬಡಿಸಿದ ಪಲ್ಯ, ಕೋಸಂಬರಿ ಮುಟ್ಟದೆ ಏಳುತ್ತಿದ್ದರು. ತನ್ನ ಕೈರುಚಿ ಬೇಜಾರಾಗಿದೆ ಎಂದುಕೊಂಡಿದ್ದಳಂತೆ. ಅದಕ್ಕಾಗಿ ಖಾರ ಬದಲಾಯಿಸಿದ್ದಳು, ತೆಂಗಿನಕಾಯಿ ಹೆಚ್ಚು ಹಾಕಿದ್ದಳು.

ಭಾವ ಎಲೆಯ ಮೇಲೆ ಕೈಯಿಟ್ಟು ಕೂತರು. "ಗೊತ್ತಾದ ಮೇಲೆ ಪರೀಕ್ಷೆ ಯಾಕೆ ಮಾಡ್ತೀಯೇ" ಎಂದರು. ಕೈ ತೊಳೆದು ಬಂದು, ಪೆಟ್ಟಿಗೆಯಿಂದ ಡಾಕ್ಟರ ಕಾಗದ ತೆಗೆದು ನನ್ನ ಕೈಗೆ ಕೊಟ್ಟರು. ನಾನು ಓದಿ ಹೇಳಿದೆ. ಕಾಗದಕ್ಕೆ ಆಗಲೇ ಏಳು ತಿಂಗಳಾಗಿತ್ತು. ಉಳಿದದ್ದು ಐದು ತಿಂಗಳು, ಅದೃಷ್ಟವಿದ್ದರೆ ಹನ್ನೊಂದು.

ಅಕ್ಕ ಅಳಲಿಲ್ಲ. ಎಲೆ ತೆಗೆದು, ನೆಲ ಸಾರಿಸಿ ಬಂದು ಕೂತಳು. ಅವಳು ಹೇಳಿದ್ದು ಇಷ್ಟು: ಬಸ್ಸಿನಿಂದ ಒಲೆಯ ಕಟ್ಟೆ ಕಿತ್ತು ಹಾಕಿಸುತ್ತೇನೆ. ಅಡಿಗೆ ಊರೂರಲ್ಲಿ ಮರದ ಕೆಳಗೆ ನೆಲ ಸಾರಿಸಿ ಮಾಡುತ್ತೇನೆ. ನೀರು ಅಲ್ಲಲ್ಲೇ ಸೇದಿಕೊಳ್ಳುತ್ತೇನೆ. ದೇವರ ಗೂಡು ಹಿಂದಕ್ಕೆ ಹೋಗಲಿ, ಮಧ್ಯೆ ಪರದೆ ಬರಲಿ. ಸಾಬರು ಓಡಿಸಲಿ. ಮುಂದಿನ ವಾರವೇ ಹೊರಡೋಣ.

ಮೂವತ್ತು ವರ್ಷ ಹಿಡಿದುಕೊಂಡು ಬಂದದ್ದನ್ನು ಅವಳು ಬಿಟ್ಟುಕೊಡಲು ತೆಗೆದುಕೊಂಡ ಸಮಯ ನೆಲ ಸಾರಿಸುವಷ್ಟು. ಒಪ್ಪದೇ ಹೋದವರು ಭಾವ.

"ನಾನು ಹಾಕಿದ ರಸ್ತೇಲಿ ನನ್ನನ್ನ ಇನ್ನೊಬ್ಬ ಮೂಟೆ ಹಂಗೆ ತುಂಬ್ಕೊಂಡು ಹೋಗೋದು ಬೇಡ."

"ಕಾಶಿ ರಸ್ತೆ ನೀವು ಹಾಕಿದ್ದಲ್ಲವಲ್ಲ."

"ಮುಳಬಾಗಿಲು ದಾಟೋವರೆಗೂ ನಾನೇ ಹಾಕಿದ್ದು. ಅಲ್ಲೆಲ್ಲ ಜನ ನನ್ನನ್ನ ನೋಡಿದ್ರೆ ಎದ್ದು ನಿಲ್ತಾರೆ."

"ನಿಲ್ಲೋರು ನಿಲ್ಲಲಿ. ನಿಮಗೆ ಅವರು ಕಾಣೋದೂ ಇಲ್ಲ."

ಈ ಮಾತು ಆಡಬಾರದಿತ್ತು ಎಂದು ಅಕ್ಕ ಆಮೇಲೆ ನನಗೆ ಹೇಳಿದಳು. ಭಾವ ಎದ್ದು ಹೋದರು. ಹೋದರೆ ನಾನೇ ಓಡಿಸಬೇಕು, ಇಲ್ಲವಾದರೆ ಬೇಡ ಎಂಬುದೇ ಅವರ ಕೊನೆಯ ಮಾತಾಗಿ ಉಳಿಯಿತು. ನಾನು ಎರಡು ಸಲ ಹೋಗಿ ಮಾತಾಡಿದೆ. ಒಂದು ಸಲ ರಸ್ತೆಯ ಮಣ್ಣಿನ ವಿಷಯ ಮಾತಾಡಿದರು. ಇನ್ನೊಂದು ಸಲ ನಿದ್ದೆ ಬಂದಿದೆ ಎಂದರು.

ಬಸ್ಸು ಸಂಕ್ರಾಂತಿಯಿಂದ ಯುಗಾದಿಯವರೆಗೆ ಹಿತ್ತಲಲ್ಲೇ ನಿಂತಿತು. ಅಕ್ಕ ಅದರ ಎಂಜಿನ್ ತಿರುಗಿಸುವ ಹ್ಯಾಂಡಲ್ ತೆಗೆದು ರಾಗಿ ತುಂಬಿದ ಮಣ್ಣಿನ ವಾಡೆಯೊಳಗೆ ಹೂತಿಟ್ಟಳು. ಭಾವ ಅದನ್ನು ಹುಡುಕುತ್ತಿದ್ದರು. ಎಲ್ಲಿ ಎಂದು ಕೇಳುತ್ತಿರಲಿಲ್ಲ. ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ ಗೋಡೆಯ ಉದ್ದಕ್ಕೂ ಕೈಯಾಡಿಸುತ್ತಿದ್ದರು. ಅಟ್ಟ ಹತ್ತಿದರು. ಅಕ್ಕ ಏಣಿ ಹಿಡಿದುಕೊಂಡು ನಿಂತಳು. "ಏನು ಬೇಕಿತ್ತು?" ಎಂದು ಅವಳೂ ಕೇಳಲಿಲ್ಲ. ಇಬ್ಬರೂ ಬೇರೆ ಎಲ್ಲ ವಿಷಯ ಮಾತಾಡುತ್ತಿದ್ದರು: ಹುಣಸೆಹಣ್ಣು ಬಿಡಿಸುವುದು, ಮಗಳ ಕಾಗದ, ಹಿತ್ತಲ ಬಾವಿಯ ರಾಟೆ. ಎಲೆಯಲ್ಲಿ ಈಗ ಎಲ್ಲವನ್ನೂ ನಡುವಿಗೆ ಬಡಿಸುತ್ತಿದ್ದಳು. ಸಾಬರು ಎರಡು ವಾರ ಕಾದು ಮುಳಬಾಗಿಲಿನ ಬಸ್ಸೊಂದರಲ್ಲಿ ಕೆಲಸ ಹಿಡಿದರು.

ಫೆಬ್ರವರಿಯ ಕೊನೆಗೆ ಭಾವ ನಡುಮನೆಯ ಕಂಬಕ್ಕೆ ಹಣೆ ಬಡಿದುಕೊಂಡರು. ಮಾರ್ಚಿನಲ್ಲಿ ಒಂದು ದಿನ ನನ್ನ ಹೆಂಡತಿ ಎದುರಿಗೆ ಬಂದು ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದರೂ ಅವಳ ಭುಜದಾಚೆ ನೋಡುತ್ತಾ, "ಯಾರಮ್ಮಾ?" ಎಂದರು. ಆ ದಿನಗಳಲ್ಲಿ ನಾನು ಜಿಲ್ಲೆಯ ಬೇರೆ ಸುದ್ದಿಗಳನ್ನೆಲ್ಲ ಕಳಿಸಿದ್ದೇನೆ. ಕಡತ ತೆಗೆದು ನೋಡಿದರೆ ಯಾವುದೂ ಇಷ್ಟು ಅವಸರದ್ದಲ್ಲ.

ಯುಗಾದಿ ಕಳೆದು ಐದನೆಯ ದಿನ ಬೆಳಿಗ್ಗೆ ಅಕ್ಕ ದೇವಸ್ಥಾನಕ್ಕೆ ಹೋಗಿದ್ದಳು. ಭಾವ ಸಂತೆಗೆ ಹೊರಟಿದ್ದ ನಾಲ್ವರನ್ನು ಕರೆದು ಬಸ್ಸನ್ನು ನೂಕಿಸಿದರು. ಹಿತ್ತಲಿಂದ ಬೀದಿಗೆ ಇಳಿಜಾರು. ಎಂಜಿನ್ ಹತ್ತಿಕೊಂಡಿತು. ಹೊರಟುಹೋದರು. ಇದನ್ನು ನನಗೆ ಹೇಳಿದವಳು ಹಾಲಿನವಳು. ನಾನು ಸೈಕಲ್ ತೆಗೆದುಕೊಂಡು ಹಿಂದೆ ಹೋದೆ. ಎತ್ತ ಹೋದರೆಂದು ಕೇಳಬೇಕಾಗಿರಲಿಲ್ಲ. ಬೀದಿಯ ಜನ ಒಂದೇ ಕಡೆ ನೋಡುತ್ತಿದ್ದರು.

ಕೆರೆಯ ಏರಿಯ ಮೇಲೆ ಬಸ್ಸು ನಿಂತಿತ್ತು. ಮುಂದಿನ ಒಂದು ಚಕ್ರ ಏರಿಯ ಅಂಚು ದಾಟಿ ಗಾಳಿಯಲ್ಲಿತ್ತು. ರಸ್ತೆಯ ಮೇಲೆ ಸೊಪ್ಪಿನ ಕಟ್ಟುಗಳು ಚೆಲ್ಲಾಡಿದ್ದವು. ಹೋಳೂರಿನ ಕಡೆಯಿಂದ ಬುಟ್ಟಿ ಹೊತ್ತು ಬಂದಿದ್ದ ಹೆಂಗಸೊಬ್ಬಳು ಏರಿಯ ಇಳಿಜಾರಿನಲ್ಲಿ ಕೂತು ಮೊಣಕಾಲು ಹಿಡಿದುಕೊಂಡು ಬೈಯುತ್ತಿದ್ದಳು. ಬಸ್ಸಿನ ಮಗ್ಗುಲು ಅವಳ ಬುಟ್ಟಿಗೆ ತಾಗಿತ್ತು. ಅವಳು ಉರುಳಿ ಹುಲ್ಲಿನ ಮೇಲೆ ಬಿದ್ದಿದ್ದಳು. ಒಂದು ಮೊಳ ಆಚೆಗೆ ಏರಿಗೆ ಕಟ್ಟಿದ ಕಲ್ಲಿನ ಸಾಲು. ಭಾವ ಕೆಳಗಿಳಿದು ಕೈ ಕಟ್ಟಿಕೊಂಡು ನಿಂತಿದ್ದರು.

"ಒರೇ ದ್ಯಾವುಡಾ, ಇಷ್ಟಗಲ ರಸ್ತೆ ಸಾಲ್ದಾ ನಿಂಗೆ? ಪಂಚೆ ಉಟ್ಕೊಂಡು ದೊಡ್ ಮನುಸ ಇದ್ದಂಗಿದ್ದೀಯ. ಹೆಂಗಸು ಅಂಚಲ್ಲಿ ಹೋಗ್ತಾವ್ಳೆ, ಕಣ್ ಕಾಣಲ್ವೇನಯ್ಯಾ?"

"ಇಲ್ಲಮ್ಮಾ" ಎಂದರು ಭಾವ. "ಕಾಣಲ್ಲ."

ಭಾವ ಬಗ್ಗಿ ಸೊಪ್ಪು ಆಯತೊಡಗಿದರು. ಎದುರಿಗಿದ್ದ ಕಟ್ಟು ಸಿಗುತ್ತಿತ್ತು. ಪಕ್ಕದಲ್ಲೇ ಇದ್ದದ್ದು ಬಿಟ್ಟುಹೋಗುತ್ತಿತ್ತು. ಅವಳು ಅದನ್ನೇ ನೋಡುತ್ತಾ ಕೂತಿದ್ದು, ಎದ್ದು ಬಂದು ಉಳಿದವನ್ನು ತಾನೇ ಆಯ್ದುಕೊಂಡಳು.

"ಕಾಣ್ದಿದ್ಮ್ಯಾಲೆ ಮನೇಗಿರ್ಬೇಕಪ್ಪಾ" ಎಂದಳು. "ಮನೇಗೆ ಯಾರೂ ಇಲ್ವಾ?"

"ಇದ್ದಾಳೆ."

ನಾನು ಬುಟ್ಟಿ ಎತ್ತಿ ಅವಳ ತಲೆಯ ಮೇಲಿಟ್ಟೆ. ಕುಂಟುತ್ತಾ ಸಂತೆಯ ಕಡೆ ಹೋದಳು. ಮುಳಬಾಗಿಲಿನ ಬಸ್ಸು ಮಧ್ಯಾಹ್ನದ ಹೊತ್ತಿಗೆ ಕೋಲಾರಕ್ಕೆ ಬಂದಾಗ ನಾನು ಸಾಬರಿಗೆ ವಿಷಯ ಹೇಳಿದೆ. ಹಗ್ಗ, ಎರಡು ಜೊತೆ ಎತ್ತು ತೆಗೆದುಕೊಂಡು ಬಂದರು. ಬಸ್ಸು ರಸ್ತೆಗೆ ಬರುವುದಕ್ಕೆ ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಭಾವ ಬಿಸಿಲಲ್ಲಿ ನಿಂತಿದ್ದರು.

"ಸಾಬ್ರೇ, ಮನೆ ತನಕ ನೀವೇ ತಗೊಂಡು ಹೋಗಿ" ಎಂದರು. ಎಡಗಡೆ ಹೋಗಿ, ಬಾಗಿಲ ಹಿಡಿ ಕೈಗೆ ಸಿಗುವವರೆಗೆ ತಡವಿ, ಹತ್ತಿ ಕೂತರು.

ಅವತ್ತು ಸಾಯಂಕಾಲ ಅಕ್ಕ ಏರಿಯ ವಿಷಯ ಎತ್ತಲೇ ಇಲ್ಲ. ಕಾಶಿಯ ದಾರಿಯಲ್ಲಿ ಆಗಲೇ ಬಿಸಿಲು ಏರಿತ್ತು. ಹೋಗಿ ಬರುವಷ್ಟರಲ್ಲಿ ಮಳೆ ಹಿಡಿಯುತ್ತದೆ. ಮುಂದಿನ ಚಳಿಗಾಲಕ್ಕೆ ಕಾದರೆ ಕಣ್ಣು ಕಾಯುವುದಿಲ್ಲ. ಇದನ್ನೆಲ್ಲ ಅವಳೇ ಹೇಳಿ, ಆಮೇಲೆ ಕೇಳಿದಳು:

"ಕಾಶಿಗೆ ಕಣ್ಣಿಲ್ದಿದ್ರೂ ಹೋಗ್ಬಹುದು. ಕಣ್ಣಿರೋವಾಗ ನಿಮಗೆ ಏನು ನೋಡ್ಬೇಕು? ಸುತ್ತಿ ಬಳಸಿ ಹೇಳ್ಬೇಡಿ."

ಭಾವ ತುಂಬಾ ಹೊತ್ತು ಯೋಚನೆ ಮಾಡಲಿಲ್ಲ. "ಘಟ್ಟ ಇಳಿಯೋ ರಸ್ತೆ" ಎಂದರು. "ಬಂಡೆ ಕೊರೆದು, ಒಂದರ ಕೆಳಗೊಂದು ತಿರುವು ಹಾಕಿರ್ತಾರಂತೆ. ಆ ಕಡೆ ಕೆಲಸ ಮಾಡಿದೋರು ಹೇಳ್ತಿದ್ರು. ನಾನು ಮೂವತ್ತು ವರ್ಷ ಬಯಲಲ್ಲಿ ನೇರ ರಸ್ತೆ ಹಾಕಿದೆ. ಅಂಥದ್ದು ಒಂದೂ ಹಾಕಲಿಲ್ಲ. ಹೇಗೆ ಕಟ್ಟಿದಾರೆ ಅಂತ ನೋಡ್ಬೇಕು."

"ಇದನ್ನ ನವೆಂಬರಲ್ಲೇ ಹೇಳಿದ್ರೆ ಆಗ್ತಿರ್ಲಿಲ್ವಾ?"

"ರಸ್ತೆ ನೋಡೋಕೆ ಯಾರಾದ್ರೂ ಮನೆ ಕಟ್ಕೊಂಡು ಹೋಗ್ತಾರೇನೇ?"

ಅಕ್ಕ ಎದ್ದು ಹೋಗಿ ರಾಗಿಯ ವಾಡೆಯಿಂದ ಹ್ಯಾಂಡಲ್ ತೆಗೆದು, ಸೆರಗಿನಿಂದ ಒರೆಸಿ, ಮರುದಿನ ಬೆಳಿಗ್ಗೆ ಸಾಬರ ಮನೆಗೆ ನನ್ನ ಕೈಯಲ್ಲಿ ಕಳಿಸಿದಳು. ಸಾಬರು ಇದ್ದ ಕೆಲಸ ಬಿಟ್ಟು ಬಂದರು. ಆಚಾರಿ ಒಲೆಯ ಕಟ್ಟೆ ಕಿತ್ತ.

1939ರ ಏಪ್ರಿಲ್ ಮೊದಲ ವಾರ ಘಟ್ಟದ ಕಡೆಗೆ ಹೊರಟರು. ಮೇ ಮೂರನೆಯ ವಾರ ಹಿಂತಿರುಗಿದರು. ನಾನು ಜೊತೆಗೆ ಹೋಗಿರಲಿಲ್ಲ. ಪ್ರಯಾಣದ ವಿಷಯ ಸಾಬರು ಹೇಳಿದ್ದು ಒಂದಿಷ್ಟು, ಅಕ್ಕ ಹೇಳಿದ್ದು ಒಂದಿಷ್ಟು. ಮೊದಲ ಹತ್ತು ದಿನ ಅಡಿಗೆ ಮರದ ಕೆಳಗೇ ಆಯಿತು. ಆಮೇಲೆ ಬೇಸಿಗೆ ಮಳೆ ಸುರಿದು ಒಲೆ ಬಸ್ಸಿನೊಳಕ್ಕೆ ಬಂತು. ಮಳೆಯ ಮೊದಲ ದಿನ ಸಾಬರು ಬಸ್ಸಿನ ಅಡಿಯಲ್ಲಿ ಕೂತು ಊಟ ಮಾಡಿದರು. ಎರಡನೆಯ ದಿನ ಮಳೆ ಇನ್ನೂ ಜೋರಾಗಿತ್ತು. ಆ ದಿನ ಎಲ್ಲಿ ಕೂತಿದ್ದರು ಎಂದು ಕೇಳಿದ್ದಕ್ಕೆ ಅಕ್ಕ, "ಮಳೇಲಿ ಯಾರು ಎಲ್ಲಿ ಕೂತ್ರು ಅಂತ ನೋಡ್ತಾ ಇರೋಕಾಗುತ್ತೇನೋ" ಎಂದಳು.

ಘಟ್ಟದ ರಸ್ತೆಯಲ್ಲಿ ಕೆಲವೇ ಮೈಲಿ ಇಳಿಯಲು ಎರಡು ದಿನ ಹಿಡಿಯಿತು ಎಂದರು ಸಾಬರು. ಪ್ರತಿ ತಿರುವಿನಲ್ಲೂ ಭಾವ ನಿಲ್ಲಿಸಿ ಎನ್ನುತ್ತಿದ್ದರು. ಇಳಿದು, ತಡೆಗೋಡೆಯ ಹತ್ತಿರ ನಿಂತು, ತಲೆಯನ್ನು ಆ ತುದಿಯಿಂದ ಈ ತುದಿಗೆ ನಿಧಾನವಾಗಿ ತಿರುಗಿಸಿ, ತುಂಡು ತುಂಡಾಗಿ ಇಡೀ ತಿರುವು ನೋಡುತ್ತಿದ್ದರು. ಕೊನೆಯ ಎರಡು ತಿರುವುಗಳಲ್ಲಿ ಇಳಿಯಲಿಲ್ಲ. ಸಾಕು, ಕಣ್ಣು ನೋಯುತ್ತಿದೆ ಎಂದರು. ಆ ಎರಡನ್ನು ನೋಡಲಾಗಲಿಲ್ಲವೋ ನೋಡುವುದು ಬೇಡವಾಯಿತೋ ಸಾಬರಿಗೆ ಗೊತ್ತಾಗಲಿಲ್ಲ. ಸಂಕ್ರಾಂತಿಗೇ ಹೊರಟಿದ್ದರೆ ಎಷ್ಟು ಕಾಣುತ್ತಿತ್ತು ಎಂದು ಅಕ್ಕ ಒಮ್ಮೆ ನನ್ನನ್ನು ಕೇಳಿದಳು. ನನಗೆ ತಿಳಿಯದು ಎಂದೆ.

ಆ ವರ್ಷ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಯಿತು. ನವೆಂಬರಿನಲ್ಲಿ ಭಾವನ ಎಡಗಣ್ಣು ಪೂರ್ತಿ ಮುಚ್ಚಿತು. ಚಳಿಗಾಲಕ್ಕೆ ಇಟ್ಟುಕೊಂಡಿದ್ದ ಕಾಶಿಯ ಪ್ರಯಾಣ ಮುಂದಕ್ಕೆ ಹೋಯಿತು. ಆಮೇಲೆ ಪೆಟ್ರೋಲಿಗೆ ಕೂಪನ್ ಬಂತು, ಬಸ್ಸನ್ನು ಮಾರಿದರು. ಕೊಂಡವರು ಅದಕ್ಕೆ ಪೆಟ್ರೋಲಿನ ಬದಲು ಇದ್ದಿಲ ಗ್ಯಾಸಿನ ಒಲೆ ಕಟ್ಟಿಸಿ ಮಾಲೂರಿನ ದಾರಿಯಲ್ಲಿ ಓಡಿಸಿದರು. ಡ್ರೈವರಾಗಿ ಸಾಬರೇ ಇದ್ದರು. ಭಾವ 1945ರಲ್ಲಿ ತೀರಿಕೊಂಡರು.

ಇದನ್ನು ಬರೆಯುತ್ತಿರುವುದು 1949ರ ಫೆಬ್ರವರಿಯಲ್ಲಿ. ಅಕ್ಕ ಶ್ರೀನಿವಾಸಪುರದಲ್ಲಿ ಮಗಳ ಮನೆಯಲ್ಲಿದ್ದಾಳೆ. ಕಳೆದ ತಿಂಗಳು ಹೋಗಿದ್ದಾಗ, ಕಾಶಿಗೆ ರೈಲಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದೆ. ಈ ವರ್ಷ ಬೇಡ ಎಂದಳು.